ತಲೆಯ ಮೇಲೆ ಯಾರೂ ಇಲ್ಲ

ನಮ್ಮ ಕಡೆ ಬಂಗಲೆ ಎಂದರೆ
ಗೇಟಿಗೊಬ್ಬ ಕಾವಲುಗಾರ, ಜಗುಲಿಗೊಂದು ಆರಾಮಕುರ್ಚಿ,
ನಾಯಿಗೂ ಇಂಗ್ಲಿಷ್ ಹೆಸರು.
ಥಂಡರ್ ಬೇಯಲ್ಲಿ ಬಂಗಲೆ ಎಂದರೆ
ಏಳುನೂರ ಇಪ್ಪತ್ತು ಚದರಡಿ,
ಮಹಡಿ ಎಬ್ಬಿಸಲು ಕಾಸು ಸಾಲದವರು
ಯುದ್ಧ ಮುಗಿದ ಮೇಲೆ ಕಟ್ಟಿಕೊಂಡದ್ದು.
ಸಮುದ್ರ ದಾಟುವಾಗ ಆ ಪದ
ಒಡವೆಯನ್ನೆಲ್ಲ ಎಲ್ಲೋ ಅಡವಿಟ್ಟಿರಬೇಕು.

ಕೊರಿನ್ ಪೆಲ್ಕಿ ಅದನ್ನು ಮೊದಲು ನೋಡಿದ್ದು
ಮಾರ್ಚಿನ ಒಂದು ಮಂಗಳವಾರ,
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ,
ಬೆರಳಲ್ಲಿನ್ನೂ ಬ್ಲೀಚಿನ ವಾಸನೆ.
ಅಂಗಳದಲ್ಲಿ ಮೊಣಕಾಲುದ್ದ ಹಿಮ.
ಬಾಗಿಲು ಹಸಿರೋ ಬೂದೋ, ಹೇಳಲು ಬಾರದು.
ಒಳಗೆ ಕಂದು ಕಾರ್ಪೆಟ್ಟು, ಬಚ್ಚಲಲ್ಲಿ ಗುಲಾಬಿ ಸಿಂಕು.
"ಹಳೇ ಕಾಲದ್ದು" ಎಂದ ದಲ್ಲಾಳಿ, ತಪ್ಪೊಪ್ಪಿಕೊಳ್ಳುವವನಂತೆ.
ಅವಳು ಸಿಂಕಿನ ಕಡೆ ನೋಡಲಿಲ್ಲ.
ಚಾವಣಿ ನೋಡುತ್ತಿದ್ದಳು.
"ಇದರ ಮೇಲೇನಿದೆ?"
"ಮಾಡು."
"ಅದರ ಮೇಲೆ?"
ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಹದಿನಾರು ವರ್ಷ, ಮೂರು ನೆಲಮಾಳಿಗೆ.
ಮೊದಲನೆಯದರ ಮೇಲೆ ಒಂದು ಜೊತೆ ಹಿಮ್ಮಡಿ ಬೂಟು,
ಶನಿವಾರ ಮಾತ್ರ ಬರಿಗಾಲು.
ಎರಡನೆಯದರ ಮೇಲೆ ನಾಲ್ಕು ಮಕ್ಕಳು, ಒಂದು ಗೋಲಿ,
ಅದು ಉರುಳಿ ಉರುಳಿ ಗೋಡೆ ಮುಟ್ಟುವವರೆಗೆ
ಕೆಳಗೆ ಇವಳು ಉಸಿರು ಹಿಡಿದು ಕಾಯುವುದು.
ಮೂರನೆಯದರ ಮೇಲೆ ನಿದ್ದೆ ಬಾರದ ಗಂಡಸು.
ಯಾರ ಮುಖವೂ ನೆನಪಿಲ್ಲ.
ನಡಿಗೆ ಕೊಟ್ಟರೆ ಇವತ್ತೂ ಗುರುತು ಹಿಡಿದಾಳು.

ಪರೀಕ್ಷಕ ಬಂದ, ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು.
ತಳಪಾಯದಲ್ಲಿ ಬಿರುಕು:
ಬೆರಳು ತೂರದು, ನಾಣ್ಯ ತೂರುತ್ತದೆ.
ವೈರಿಂಗು ಅವನ ಅಪ್ಪನಿಗಿಂತ ಹಿರಿದು.
ಮಾಡು ಐದು ಚಳಿಗಾಲ ತಾಳೀತು,
ದೇವರು ದೊಡ್ಡವನಾದರೆ ಆರು.
ಮೂವತ್ತೊಂದು ಪುಟದ ವರದಿಯನ್ನು
ಅವಳು ಬಸ್ಸಿನಲ್ಲಿ ಕೂತು ಓದಿದಳು,
ಜಾತಕ ನೋಡುವವರ ಹಾಗೆ
ದೋಷಗಳನ್ನು ಬೆರಳಲ್ಲಿ ಎಣಿಸುತ್ತ,
ಮನಸ್ಸಲ್ಲಿ ಆಗಲೇ ತಾಂಬೂಲ ಬದಲಾಯಿಸಿಕೊಂಡು.

ಬ್ಯಾಂಕಿನವಳು ಇಪ್ಪತ್ತೈದು ವರ್ಷ ಎಂದಳು.
ಮಗಳು ಓಡೀಲ್‌ಗೆ ಈಗ ಒಂಬತ್ತು.
ಸಾಲ ಹರಿಯುವ ದಿನ ಮಗಳಿಗೆ ಮೂವತ್ತನಾಲ್ಕು,
ಅಂದರೆ ಇವಳ ಇವತ್ತಿನ ವಯಸ್ಸು.
ಅಷ್ಟು ದೂರ ಲೆಕ್ಕ ಹಾಕಿ ಪೆನ್ನು ತೆಗೆದುಕೊಂಡಳು.
ಮನೆ ಕಟ್ಟಿ ನೋಡಿದವಳಲ್ಲ,
ಮದುವೆಯಂತೂ ಮಾಡಿ ನೋಡಲೇ ಇಲ್ಲ.
ಕೊಂಡು ನೋಡುವವರಿಗೆ
ಗಾದೆ ಇನ್ನೂ ಹುಟ್ಟಿಲ್ಲ.

ಮಾರಿದವನು ಐನೋ ರೌಟಿಯೋ, ಎಂಬತ್ತೊಂದು,
ಹೋಗುತ್ತಿರುವುದು ಲಿಫ್ಟಿರುವ ಕಟ್ಟಡದ ಐದನೇ ಮಹಡಿಗೆ.
"ಇಷ್ಟು ವರ್ಷ ನೆಲಕ್ಕೇ ಅಂಟಿಕೊಂಡಿದ್ದೆ.
ಸರೋವರ ಇದೆಯಂತೆ ಈ ಊರಲ್ಲಿ. ನೋಡಬೇಕು."
ಬೀಗದ ಕೈ ಕೊಟ್ಟ, ಮತ್ತೆ ಇಸಕೊಂಡ,
ಹೇಗೆ ತಿರುಗಿಸುವುದೆಂದು ತೋರಿಸಿದ:
ಮೊದಲು ಬಾಗಿಲನ್ನು ನಿನ್ನ ಕಡೆ ಎಳೆದುಕೊ, ಆಮೇಲೆ.
ನೆಲಮಾಳಿಗೆಯ ತೊಲೆಯ ಮೇಲೆ ಪೆನ್ಸಿಲಿನಲ್ಲಿ
ಕುಲುಮೆಯ ಫಿಲ್ಟರು ಬದಲಿಸಿದ ತಾರೀಖುಗಳು,
ಐವತ್ತೆರಡು ಸಾಲು.
ಕೊನೆಯ ಸಾಲಿನ ಕೆಳಗೆ
ಅವನೇ ಪೆನ್ಸಿಲು ಕಟ್ಟಿ ತೂಗುಬಿಟ್ಟಿದ್ದ.

ಮೊದಲ ರಾತ್ರಿ ನಿದ್ದೆ ಹತ್ತಲಿಲ್ಲ.
ಮೌನಕ್ಕೂ ಸದ್ದಿರುತ್ತದೆ, ಅಭ್ಯಾಸ ಬೇಕು.
ಓಡೀಲ್ ಹಾಸಿಗೆಯ ಮೇಲೆ ಅಡ್ಡಡ್ಡ ಮಲಗಿದ್ದಳು,
ಜಾಗವಿದೆಯಲ್ಲ.
ಮೂರು ಗಂಟೆಗೆ ತಲೆಯ ಮೇಲೆ ದಡ್ ಎಂದಿತು,
ಭಾರವಾದದ್ದೇನೋ ಎಳೆದ ಹಾಗೆ.
ಕೊರಿನ್ ಎದ್ದಳು, ಕತ್ತಲಲ್ಲೇ ಪೊರಕೆ ಹಿಡಿದಳು,
ಅದರ ಹಿಡಿಯನ್ನು ಚಾವಣಿಗೆ ಎತ್ತಿದಳು,
ಹದಿನಾರು ವರ್ಷದ ಕೈ, ಅದಕ್ಕೆ ಯಾರೂ ಹೇಳಿರಲಿಲ್ಲ.
ಕಿಟಕಿಯಾಚೆ
ಮಾಡಿನಿಂದ ಜಾರಿದ ಹಿಮ ರಾಶಿ ಬಿತ್ತು.

ಪೊರಕೆ ಇಳಿಸಲಿಲ್ಲ.
ಸ್ವಲ್ಪ ಹೊತ್ತು ಹಾಗೇ ನಿಂತು
ಆರು ಚಳಿಗಾಲ, ಎಂದಳು ಮೆಲ್ಲಗೆ,
ಐದಲ್ಲ.
ಆಮೇಲೆ ಮಗಳಿಗೆ ಎಚ್ಚರವಾಗದ ಹಾಗೆ
ಒಂದೇ ಸಲ ತಟ್ಟಿದಳು.